ಮೆಲ್ಬರ್ನ್‌ಗೆ ಇಂಜೆಕ್ಷನ್ ಪೆನ್ನು

ಪ್ರಶ್ನೆ: ಮಗನ ಮನೆಗೆಂದು ಮೆಲ್ಬರ್ನ್‌ಗೆ ಹೊರಟಿದ್ದೇನೆ, 5 ತಿಂಗಳು. ಸಕ್ಕರೆ ಕಾಯಿಲೆಗೆ ವಾರಕ್ಕೊಮ್ಮೆ ಸೆಮಾಗ್ಲುಟೈಡ್ ಚುಚ್ಚಿಕೊಳ್ಳುತ್ತೇನೆ. ಅಷ್ಟೂ ಒಯ್ಯಬಹುದೇ? ಮಗ ಜಿಮ್‌ಗೆಂದು ಬಿಪಿಸಿ-157 ಎಂಬ ಪೆಪ್ಟೈಡ್ ಚುಚ್ಚುಮದ್ದಿನ ವೈಲ್ (ಸಣ್ಣ ಸೀಸೆ) ಕೂಡ ತರಲು ಹೇಳಿದ್ದಾನೆ.
– ಓದುಗರು, ಮೈಸೂರು

ಉತ್ತರ: ಅಷ್ಟೂ ಆಗದು. ಆಸ್ಟ್ರೇಲಿಯಾ ಪ್ರಯಾಣಿಕರಿಗೆ ಬಿಡುವುದು 3 ತಿಂಗಳ ಔಷಧ ಮಾತ್ರ. ಪೆನ್ನಿಗೆ 4 ಡೋಸ್ ಎಂದರೆ 3 ಪೆನ್ನು, 12 ವಾರ. ಉಳಿದದ್ದಕ್ಕೆ ಅಲ್ಲಿನ ವೈದ್ಯರ ಚೀಟಿ ಬೇಕು. ಹೋದ ತಕ್ಷಣ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.

ಔಷಧದ ಹೆಸರು, ಡೋಸ್, ನಿಮ್ಮ ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಹೆಸರು ಇರುವ ಇಂಗ್ಲಿಷ್ ಪತ್ರವನ್ನು ವೈದ್ಯರಿಂದ ಬರೆಸಿಕೊಳ್ಳಿ. ಪೆನ್ನುಗಳು ಅಂಗಡಿಯ ಲೇಬಲ್ಲಿನ ಡಬ್ಬಿಯಲ್ಲೇ ಇರಲಿ. ಇಳಿಯುವ ಮುನ್ನ ತುಂಬುವ ಕಾರ್ಡಿನಲ್ಲಿ ಔಷಧದ ಪ್ರಶ್ನೆಗೆ ‘ಹೌದು’ ಎಂದೇ ಗುರುತಿಸಿ. ಹಲವರು ಹೆದರಿ ‘ಇಲ್ಲ’ ಎಂದು ಹಾಕುತ್ತಾರೆ, ತೊಂದರೆ ಶುರುವಾಗುವುದೇ ಅಲ್ಲಿ.

ಪೆನ್ನು ಕೈಚೀಲದಲ್ಲೇ ಇರಬೇಕು. ಲಗೇಜಿನಲ್ಲಿ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು. ಐಸ್ ಪ್ಯಾಕ್ ಜೊತೆಗಿಟ್ಟರೆ ನಡುವೆ ಒಂದು ಟವೆಲ್ ಸುತ್ತಿ, ಪೆನ್ನಿಗೆ ನೇರ ತಾಗದಿರಲಿ.

ಆ ವೈಲ್ ಬೇಡ. 3 ತಿಂಗಳ ಔಷಧದ ವಿನಾಯಿತಿ ನಿಮಗೆ ಮತ್ತು ಜೊತೆ ಪ್ರಯಾಣಿಸುವ ಮನೆಯವರಿಗೆ. ಅಲ್ಲೇ ಇರುವ ಮಗನಿಗಲ್ಲ. ಇಂಥ ವೈಲ್‌ಗಳ ಮೇಲೆ ಸಾಮಾನ್ಯವಾಗಿ ಇರುವ ‘ಸಂಶೋಧನೆಗೆ ಮಾತ್ರ’ ಎಂಬ ಲೇಬಲ್ಲಿಗೆ ಯಾವ ವೈದ್ಯರ ಚೀಟಿಯೂ ಹೊಂದುವುದಿಲ್ಲ.