‘ಅವರಿಗೆ ಏನು ಕೊಡಲಿ ಸರ್?’

ಆಪ್ತಸಮಾಲೋಚನೆಗೆ ನನ್ನ ಬಳಿ ಬರುವವರು ಭೇಟಿಗೆ ಮುಂಚೆ ತುಂಬುವ ಅರ್ಜಿಯಲ್ಲಿ ‘ಸಮಸ್ಯೆ’ ಎಂಬ ಕಲಂ ಎದುರು ಆತ ಬರೆದದ್ದು ಇಷ್ಟೇ: ‘ಹೊರಗೆ ಹೋದ ದಿನವೆಲ್ಲ ಜಗಳ.’ ದಾವಣಗೆರೆಯವರು, ಸ್ವಂತ ವ್ಯಾಪಾರ, ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಪತ್ನಿಗೆ ಕಾಲೇಜಿನ ದಿನಗಳಲ್ಲೇ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಹೋಗಿದೆ. ಅಂದಿನಿಂದ ಗಾಲಿಕುರ್ಚಿಯಲ್ಲೇ ಓಡಾಟ, ಓದು, ಈಗ ಲೆಕ್ಕಪತ್ರದ ಉದ್ಯೋಗ. (ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಅಂದರೆ ಗಾಲಿಕುರ್ಚಿಯ ಬದುಕಿಗೆ ಹೊಸಬರು ಆತ, ಆಕೆಯಲ್ಲ. ಮೊದಲ ಸಲ ಒಬ್ಬರೇ ಬಂದಿದ್ದ ಆತನ ಮಾತಿನ ಧಾಟಿ ಮಾತ್ರ ತದ್ವಿರುದ್ಧವಾಗಿತ್ತು. ಎಲ್ಲಿಗೆ ಹೋಗಬೇಕೆಂದರೂ ಹಿಂದಿನ ದಿನವೇ ಬೈಕಿನಲ್ಲಿ ಹೋಗಿ ಮೆಟ್ಟಿಲು ಎಣಿಸಿ ಬರುತ್ತಿದ್ದರು. ಮೆಟ್ಟಿಲಿದ್ದರೆ ಆ ಜಾಗ ರದ್ದು. ಚಿತ್ರಮಂದಿರ ರದ್ದಾಯಿತು, ಊಟದ ಹಾಲ್ ನೆಲಮಾಳಿಗೆಯಲ್ಲಿದೆ ಎಂದು ನೆಂಟರ ಮದುವೆಯೂ ರದ್ದಾಯಿತು. ‘ಇಷ್ಟೆಲ್ಲ ಮಾಡಿದರೂ ಅವಳ ಮುಖದಲ್ಲಿ ನಗುವಿಲ್ಲ. ಅವಳೊಂದಿಗೆ ಹೊರಗೆ ಹೋಗುವುದೆಂದರೆ ನನಗೆ ಸುಸ್ತು’ ಎಂದವರು, ಹಾಗೆ ಅಂದದ್ದಕ್ಕೇ ನಾಚಿ ತಲೆ ತಗ್ಗಿಸಿದರು. ಸುಸ್ತಾದರೆ ಸುಸ್ತು ಎನ್ನುವುದು ಪಾಪವಲ್ಲ ಎಂದೆ. ಪ್ರೀತಿಯಿದ್ದರೆ ದಣಿವಾಗಬಾರದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಎಷ್ಟು ಜನರನ್ನು ಬಾಯಿ ಬಿಡದಂತೆ ಮಾಡಿದೆಯೋ!

ಮುಂದಿನ ಭೇಟಿಗೆ ಇಬ್ಬರೂ ಬಂದರು. ಹಿಂದಿನ ವಾರ ಬೆಣ್ಣೆದೋಸೆ ತಿನ್ನಲು ಹೋಗಿದ್ದಾಗ ನಡೆದದ್ದನ್ನು ಆಕೆಯೇ ಹೇಳಿದರು. ಹೋಟೆಲಿನ ಬಾಗಿಲಲ್ಲಿ ಎರಡು ಮೆಟ್ಟಿಲು. ಯಾರೋ ಇಬ್ಬರು ಹುಡುಗರು ಒಂದು ಮಾತೂ ಕೇಳದೆ ಕುರ್ಚಿಯ ಕೈಗಳನ್ನು ಹಿಡಿದು ಎತ್ತಿದರು. ಕಳಚಿಡಬಹುದಾದ ಕೈಗಳವು, ಒಂದು ಕಿತ್ತು ಬಂತು, ಆಕೆ ವಾಲಿದರು. ಒಳಗೆ ಕುಳಿತ ಮೇಲೆ ಸಪ್ಲೈಯರ್ ಗಂಡನ ಕಡೆ ತಿರುಗಿ, ‘ಅವರಿಗೆ ಏನು ಕೊಡಲಿ ಸರ್?’ ಎಂದ.

‘ಒಂದು ಖಾಲಿ ದೋಸೆ ಎಂದೆ. ಅವಳಿಗೆ ಇಷ್ಟವಾದದ್ದನ್ನೇ ಹೇಳಿದ್ದೇನೆ’ ಎಂದು ಗಂಡ ನಡುವೆ ಬಾಯಿ ಹಾಕಿದರು.

‘ಇಷ್ಟವಾದದ್ದೇ. ಆದರೆ ಇಷ್ಟು ವರ್ಷ ಅದನ್ನು ನಾನೇ ಹೇಳುತ್ತಿದ್ದೆ. ಮದುವೆಗೆ ಮುಂಚೆ ಗೆಳತಿಯರ ಜೊತೆ ಆಟೊದಲ್ಲಿ ಹೋಗಿ ಬರುತ್ತಿದ್ದ ಜಾಗಗಳಿಗೂ ಈಗ ಇವರ ತಪಾಸಣೆಯಾಗಬೇಕು ಮೇಡಂ.’

ಆತ ಏನೋ ಹೇಳಲು ಹೋಗಿ ಸುಮ್ಮನಾದರು. ಆ ಮೌನವನ್ನು ನಾನೂ ತುಂಬಲಿಲ್ಲ.

ಆತನ ಇನ್ನೊಂದು ದೂರು, ಎಲ್ಲಿಗೆ ಹೋದರೂ ಆಕೆ ಎರಡು ಮೂರು ತಾಸಿಗೇ ‘ಮನೆಗೆ ಹೋಗೋಣ’ ಎನ್ನುತ್ತಾರೆ, ಅಂದರೆ ತನ್ನ ಮೇಲೆ ಮುನಿಸು ಎಂದು. ನಿಜವಾದ ಕಾರಣ ಮುನಿಸಲ್ಲ, ಮೂತ್ರ. ಬೆನ್ನುಹುರಿಗೆ ಪೆಟ್ಟಾದ ಅನೇಕರಂತೆ ಆಕೆಯೂ ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಳವೆ ಬಳಸಿ ಮೂತ್ರಕೋಶ ಖಾಲಿ ಮಾಡಿಕೊಳ್ಳಬೇಕು. ಶುಚಿಯಾದ, ಕುರ್ಚಿ ಹಿಡಿಸುವ ಶೌಚಾಲಯ ಸಿಗದಿದ್ದರೆ ಫಜೀತಿ. ಇದನ್ನು ಗಂಡನ ಎದುರು ವಿವರವಾಗಿ ಹೇಳಲು ಸಂಕೋಚ. ಹೊರಡುವ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಿದ್ದರು. ಮೂತ್ರದ ಸೋಂಕಿಗೆ ಇದು ನೇರ ದಾರಿ. ಒಂದು ಸಲ ಜ್ವರವೂ ಬಂದಿತ್ತು. ಮೆಟ್ಟಿಲುಗಳನ್ನೆಲ್ಲ ಎಣಿಸಿದ್ದ ಗಂಡನಿಗೆ ಹೆಂಡತಿಯ ಹೊತ್ತು ಗೊತ್ತಿರಲಿಲ್ಲ. ನೀರಿನ ಪ್ರಮಾಣ, ಸಮಯ ಎರಡನ್ನೂ ಅವರ ವೈದ್ಯರೇ ಗೊತ್ತುಪಡಿಸಲಿ, ಆ ಭೇಟಿಗೆ ಇಬ್ಬರೂ ಹೋಗಿ ಎಂದೆ.

ನಾನು ಕೊಟ್ಟ ಸಲಹೆಗಳಲ್ಲಿ ಆತನಿಗೆ ಹೆಚ್ಚು ಕಷ್ಟವಾದದ್ದು, ಮಾಹಿತಿ ತರುವುದು ಬೇರೆ, ತೀರ್ಮಾನ ಮಾಡುವುದು ಬೇರೆ ಎಂಬುದು. ಮುಂಚೆ ಹೋಗಿ ನೋಡಿ ಬರಲಿ, ತಪ್ಪಿಲ್ಲ. ಆದರೆ ಮೆಟ್ಟಿಲಿನ ಫೋಟೊ ತೆಗೆಯಬೇಕು, ಶೌಚಾಲಯದ ಬಾಗಿಲಿನ ಅಗಲವನ್ನು ಟೇಪು ಹಿಡಿದು ಅಳೆಯಬೇಕು, ಕುರ್ಚಿಯ ಅಗಲವನ್ನು ಬರೆದಿಟ್ಟುಕೊಂಡಿರಬೇಕು. ಹೋಗಬೇಕೋ ಬೇಡವೋ ಎಂಬುದನ್ನು ಆಕೆ ಹೇಳಬೇಕು. ಇಳಿಜಾರು ಇದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದವಿರಬೇಕು ಎನ್ನುತ್ತವೆ ಮಾನದಂಡಗಳು, ನಮ್ಮಲ್ಲಿ ಬಹಳ ಕಡೆ ಮೂರು ಅಡಿಯಲ್ಲಿ ಮುಗಿಸಿರುತ್ತಾರೆ. ಅಂಥ ಕಡೆ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಇದನ್ನು ನಾನು ಹೇಳಿಕೊಡಬೇಕಾಗಿ ಬರಲಿಲ್ಲ. ಆಕೆಯೇ ನನ್ನ ಕಚೇರಿಯ ಹೊರಗೆ ಮಾಡಿಸಿ ಕಲಿಸಿದರು. ಎತ್ತಲು ಬಂದವರಿಗೆ ಎಲ್ಲಿ ಹಿಡಿಯಬೇಕೆಂದು ಹೇಳುವುದೂ ಆಕೆಯ ಕೆಲಸ. ಹೇಳದೆ ಹಿಂದಿನ ಹಿಡಿ ಮುಟ್ಟುವಂತಿಲ್ಲ, ಗಂಡನೂ.

ಹೋಟೆಲಿನಲ್ಲಿ ಆ ಪ್ರಶ್ನೆ ಬಂದಾಗ ಆತ ಹೆಂಡತಿಯ ಕಡೆ ನೋಡಿ ಸುಮ್ಮನಿರಬೇಕು. ಸಪ್ಲೈಯರಿಗೆ ಉಪದೇಶ ಬೇಡ. ಗಾಲಿಕುರ್ಚಿ ಬರಲು ದಾರಿ ಯಾಕಿಲ್ಲ ಎಂದು ಪ್ರತಿ ಹೋಟೆಲಿನಲ್ಲೂ ಮಾಲೀಕರ ಜೊತೆ ವಾದಕ್ಕಿಳಿಯುವ ಚಟ ಆತನಿಗೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಸರ್ಕಾರದ್ದು ಮಾತ್ರವಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಸೇರುತ್ತದೆ. ವಾದದಲ್ಲಿ ಆತ ಸರಿಯೇ. ಆದರೆ ದೋಸೆ ಆರುತ್ತಿರುತ್ತದೆ. ದೂರನ್ನು ಬಿಡುವಿನಲ್ಲಿ ಬರೆದು ಕಳಿಸಿ, ಸಹಿ ಆಕೆಯದಿರಲಿ ಎಂದೆ.

ವಾರದಲ್ಲಿ ಒಂದು ಸಂಜೆ ಆಕೆ ಗೆಳತಿಯರೊಂದಿಗೆ, ಆತ ಗೆಳೆಯರೊಂದಿಗೆ. ಇದನ್ನು ಆಕೆ ತಕ್ಷಣ ಒಪ್ಪಿದರು. ಆತ ಜನ ಏನೆಂದುಕೊಂಡಾರು ಎಂದು ಒಂದಷ್ಟು ದಿನ ಎಳೆದಾಡಿದರು.

ಮೊದಲು ಇಬ್ಬರೂ ಹೋದದ್ದು ಕುಂದವಾಡ ಕೆರೆಯ ದಂಡೆಗೆ, ಆಕೆಯ ಆಯ್ಕೆ. ಆಮೇಲೆ ಚಿತ್ರದುರ್ಗ. ‘ನೀವು ಕೋಟೆ ಹತ್ತಿ ಬನ್ನಿ, ನಾನು ಕೆಳಗಿರುತ್ತೇನೆ’ ಎಂದು ಆಕೆ ಹಿಂದೊಮ್ಮೆ ಅಂದದ್ದನ್ನು ಆತ ಚುಚ್ಚುಮಾತೆಂದು ತಿಳಿದು ಪ್ರವಾಸವನ್ನೇ ಕೈಬಿಟ್ಟಿದ್ದರು. ಈ ಸಲ ಆತ ಓಬವ್ವನ ಕಿಂಡಿಯವರೆಗೆ ಹೋಗಿ ಬಂದರು. ಆಕೆ ಕೆಳಗೆ ಮಂಡಕ್ಕಿ ತಿನ್ನುತ್ತ ಹೊರಗಿನ ಕೋಟೆಗೋಡೆ ನೋಡುತ್ತಿದ್ದರಂತೆ. ಬರುವುದು ತಡವಾಯಿತೆಂದು ಬೈದರಂತೆ.

ಆತುರದಲ್ಲಿ ಆತನ ಕೈ ಈಗಲೂ ಕೇಳದೆ ಕುರ್ಚಿಗೆ ಹೋಗುತ್ತದೆ. ಮುಂದಿನ ತಿಂಗಳು ಮತ್ತೊಂದು ಮದುವೆಯಿದೆ, ಊಟ ಮತ್ತೆ ನೆಲಮಾಳಿಗೆಯಲ್ಲಿ. ಕಲ್ಯಾಣಮಂಟಪದ ವ್ಯವಸ್ಥಾಪಕರಿಗೆ ಫೋನ್ ಮಾಡಿ, ಮೇಲೆ ಎರಡು ಎಲೆ ಹಾಕಿಸಲು ಆಗುತ್ತದೆಯೇ ಎಂದು ಕೇಳಿದವರು ಆಕೆ. ಉತ್ತರ ಇನ್ನೂ ಬಂದಿಲ್ಲ.