ಅಪ್ಪನ ನಾಡಿ 60, ನನ್ನದು 82: ಆಯುಷ್ಯ ಕಡಿಮೆಯೇ?

ಪ್ರಶ್ನೆ: ನನಗೆ 68 ವರ್ಷ. ನಮ್ಮ ತಂದೆ 93 ವರ್ಷ ಬದುಕಿದರು. ಅವರ ನಾಡಿಬಡಿತ ಯಾವಾಗಲೂ 60ರ ಆಸುಪಾಸಿನಲ್ಲೇ ಇರುತ್ತಿತ್ತು. ಅಣ್ಣನದೂ ಹಾಗೇ. ನನ್ನದು ಮಾತ್ರ ಸುಮ್ಮನೆ ಕೂತಿದ್ದಾಗಲೂ 82–84. ಬಿಪಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ. ತಂದೆಯ ಗುಣ ನನಗೆ ಬಂದಿಲ್ಲ ಎಂದರೆ ಆಯುಷ್ಯವೂ ಕಡಿಮೆ ಎಂದರ್ಥವೇ? ಮಾತ್ರೆಯಿಂದ ಬಡಿತ ಇಳಿಸಿಕೊಳ್ಳಬಹುದೇ?

ಉತ್ತರ: ಹಾಗೆ ಲೆಕ್ಕ ಹಾಕಬೇಡಿ. ನಿಮಿಷಕ್ಕೆ 60ರಿಂದ 100ರವರೆಗಿನ ಬಡಿತ ಸಹಜ. ಬಡಿತ ಹೆಚ್ಚಿದ್ದವರಲ್ಲಿ ಸಾವಿನ ಪ್ರಮಾಣ ಸ್ವಲ್ಪ ಹೆಚ್ಚು ಎಂದು ದೊಡ್ಡ ಅಧ್ಯಯನಗಳು ತೋರಿಸಿರುವುದು ನಿಜ. ಆದರೆ ಅದು ಸಾವಿರಾರು ಜನರ ಸರಾಸರಿ. ಒಬ್ಬರ ಆಯುಷ್ಯವನ್ನು ಅದರಿಂದ ಹೇಳಲಾಗದು.

ಬಡಿತದ ವೇಗವನ್ನು ನಿರ್ಧರಿಸುವ ಜೀನ್‌ಗಳು ಹಲವಾರು. ಹೃದಯದ ಮಿಡಿತ ಹುಟ್ಟುವ ಸೈನಸ್ ನೋಡ್‌ನಲ್ಲಿ ಕೆಲಸ ಮಾಡುವ ಎಚ್‌ಸಿಎನ್4 ಅವುಗಳಲ್ಲೊಂದು. ಸಾಮಾನ್ಯವಾಗಿ ಒಂದೊಂದರ ಪ್ರಭಾವ ಅತ್ಯಲ್ಪ, ಒಡಹುಟ್ಟಿದವರಲ್ಲೂ ಅವುಗಳ ಮಿಶ್ರಣ ಬೇರೆ ಬೇರೆ. ಇನ್ನು ಆಯುಷ್ಯ: 1870ರಿಂದ 1900ರ ನಡುವೆ ಹುಟ್ಟಿದ ಡೆನ್ಮಾರ್ಕ್‌ನ ಅವಳಿಗಳ ಅಧ್ಯಯನದಲ್ಲಿ, ಜನರ ಆಯುಷ್ಯದಲ್ಲಿ ಕಾಣುವ ವ್ಯತ್ಯಾಸದ ಸುಮಾರು ಕಾಲು ಭಾಗವನ್ನಷ್ಟೇ ಅನುವಂಶೀಯತೆಗೆ ಸೇರಿಸಬಹುದಾಗಿತ್ತು. ನಿಮ್ಮ ತಂದೆಯ 60 ಮತ್ತು 93 ಒಂದಕ್ಕೊಂದು ಅಂಟಿಕೊಂಡೇ ಬರುವ ಸಂಖ್ಯೆಗಳಲ್ಲ.

ನೀವು ಹೋಲಿಸಬೇಕಾದದ್ದು ನಿಮ್ಮದೇ ಹಳೆಯ ಬಡಿತದ ಜೊತೆ. ಹಳೆಯ ಇಸಿಜಿ, ತಪಾಸಣಾ ಚೀಟಿ ಹುಡುಕಿ ನೋಡಿ. ಹತ್ತು ವರ್ಷದ ಹಿಂದೆಯೂ 80 ಇದ್ದರೆ ಅದು ನಿಮ್ಮ ದೇಹದ ರೂಢಿ. ಆಗ 66 ಇದ್ದದ್ದು ಈಗ 84 ಆಗಿದ್ದರೆ ಕಾರಣ ಹುಡುಕಲೇಬೇಕು. ನಾರ್ವೆಯಲ್ಲಿ ಹತ್ತು ವರ್ಷದ ಅಂತರದಲ್ಲಿ ಎರಡು ಸಲ ಅಳೆದು ನೋಡಿದಾಗ, 70ಕ್ಕಿಂತ ಕೆಳಗಿದ್ದು 85 ದಾಟಿದವರಲ್ಲಿ ಹೃದ್ರೋಗದ ಸಾವು ಗಣನೀಯವಾಗಿ ಹೆಚ್ಚಿತ್ತು.

ಅದಕ್ಕೂ ಮೊದಲು ಸರಿಯಾಗಿ ಅಳೆಯಿರಿ. ಕಾಫಿ, ಚಹಾ, ತಂಬಾಕು, ನಡಿಗೆ ಆಗಿ ಅರ್ಧ ಗಂಟೆಯಾದರೂ ಕಳೆದಿರಲಿ. ಐದು ನಿಮಿಷ ಒರಗಿ ಕುಳಿತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತದ ತಪ್ಪು ನಾಲ್ಕಾಗುತ್ತದೆ, ತಾಳ ತಪ್ಪುವುದೂ ಗೊತ್ತಾಗುವುದಿಲ್ಲ. ಒಂದು ವಾರ ಬೆಳಿಗ್ಗೆ ಅದೇ ಹೊತ್ತಿಗೆ ಬರೆದಿಡಿ. ನಾಡಿ ಅಡ್ಡಾದಿಡ್ಡಿಯಾಗಿ ಬಡಿಯುತ್ತಿದ್ದರೆ ಸಂಖ್ಯೆ ಎಷ್ಟೇ ಇರಲಿ, ಇಸಿಜಿ ಮಾಡಿಸಿ. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ಅದುರುವ ತೊಂದರೆ) ಇದ್ದರೆ ಪಾರ್ಶ್ವವಾಯುವಿನ ಅಪಾಯವಿದೆ, ಅದಕ್ಕೆ ಚಿಕಿತ್ಸೆಯೂ ಇದೆ.

ಬಡಿತ ಏರಿದ್ದು ಖಚಿತವಾದರೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮೊದಲು. ವಯಸ್ಸಾದವರಲ್ಲಿ ಥೈರಾಯ್ಡ್ ಹೆಚ್ಚಾದಾಗ ಬೇರೆ ಲಕ್ಷಣ ಅಷ್ಟಾಗಿ ಕಾಣದೆ, ಬರೀ ಬಡಿತ ಏರುವುದೂ ತೂಕ ಇಳಿಯುವುದೂ ಉಂಟು. ನೀರು ಕಡಿಮೆ ಕುಡಿಯುವುದು, ಅಡಗಿರುವ ಸೋಂಕು, ಸಾಲ್ಬುಟಮಾಲ್ ಇನ್‌ಹೇಲರ್, ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ಮಾತ್ರೆಯ ಹೆಚ್ಚಾದ ಡೋಸ್ ಇವೂ ಕಾರಣವಾಗಬಹುದು. ನಿಮ್ಮ ಬಿಪಿ ಮಾತ್ರೆ ಯಾವುದೆಂದು ವೈದ್ಯರಿಗೆ ತೋರಿಸಿ. ಬಡಿತವನ್ನೂ ನಿಧಾನಗೊಳಿಸುವ ಬೀಟಾ ಬ್ಲಾಕರ್ ಆಗಿದ್ದು ಇತ್ತೀಚೆಗೆ ಬಿಟ್ಟುಬಿಟ್ಟು ತೆಗೆದುಕೊಳ್ಳುತ್ತಿದ್ದರೆ ಬಡಿತ ಏರುವುದು ಅದರಿಂದಲೇ ಇರಬಹುದು. ತಾವಾಗಿಯೇ ನಿಲ್ಲಿಸುವುದಂತೂ ಬೇಡವೇ ಬೇಡ.

ಸಂಖ್ಯೆ ಇಳಿಸಲೆಂದೇ ಮಾತ್ರೆ ನುಂಗುವುದನ್ನು ನಾವು ಒಪ್ಪುವುದಿಲ್ಲ. ಐವಬ್ರಾಡಿನ್ ಬಡಿತವನ್ನು ಮಾತ್ರ ಇಳಿಸುವ ಔಷಧ. ಹೃದಯ ವೈಫಲ್ಯ (ಹೃದಯ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾರದ ಸ್ಥಿತಿ) ಇಲ್ಲದ, ಹೃದಯದ ರಕ್ತನಾಳದ ಕಾಯಿಲೆಯ 19 ಸಾವಿರಕ್ಕೂ ಹೆಚ್ಚು ಜನರ ಮೇಲೆ ಅದನ್ನು ಪರೀಕ್ಷಿಸಿದ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು: ಬಡಿತ ಸುಮಾರು ಹತ್ತು ಇಳಿದರೂ ಹೃದಯಾಘಾತವಾಗಲಿ ಸಾವಾಗಲಿ ತಗ್ಗಲಿಲ್ಲ. ಹೃದಯ ವೈಫಲ್ಯ ಇರುವವರ ಮಾತು ಬೇರೆ, ಅವರಲ್ಲಿ ಕೆಲವರಿಗೆ ಇದರಿಂದ ಪ್ರಯೋಜನವಿದೆ. ನಿಮಗೆ ಚುರುಕು ನಡಿಗೆಯೇ ಸರಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗದಲ್ಲಿ ವಾರಕ್ಕೆ ಐದು ದಿನ, 30 ನಿಮಿಷ. ಕೆಲವು ತಿಂಗಳಲ್ಲಿ ಬಡಿತ ಕೆಲವೇ ಅಂಕಿ ಇಳಿಯಬಹುದು. ಇಳಿಯದಿದ್ದರೂ ನಡಿಗೆಯ ಲಾಭ ಎಲ್ಲೂ ಹೋಗುವುದಿಲ್ಲ.

ಅಣ್ಣನವರಿಗೂ ಒಂದು ಮಾತು ತಿಳಿಸಿ. ಕಡಿಮೆ ಬಡಿತ ಎಂದರೆ ಯಾವಾಗಲೂ ಒಳ್ಳೆಯದು ಎಂದಲ್ಲ. 50ಕ್ಕಿಂತ ಕೆಳಗಿಳಿದು ತಲೆಸುತ್ತು, ಸುಸ್ತು ಬಂದರೆ ಇಸಿಜಿ ಬೇಕು. ಪ್ರಜ್ಞೆ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಬಡಿತ ಇಳಿಸುತ್ತದೆ. ಔಷಧಗಳ ಪಟ್ಟಿ ಹೇಳುವಾಗ ಕಣ್ಣಿನ ಹನಿಯನ್ನು ಮರೆಯುವವರೇ ಹೆಚ್ಚು.