ಬಾಗಿಲಿನ ಹಲಗೆಗೆ ಫೆವಿಕಾಲ್ ಹಾಕಬೇಡಿ ಅಣ್ಣಾ

ಅಣ್ಣಾ, ನಿಮ್ಮ ವೈನ್ ಕಪಾಟಿನ ಫೋಟೋ ಈಗ ನೋಡಿದೆ. ಮೂರನೇ ಫೋಟೋದಲ್ಲಿ ಬಾಗಿಲಿನ ಚೌಕಟ್ಟಿನ ಗ್ರೂವ್ (ಹಲಗೆಯ ಅಂಚು ಕೂರೋ ಕಾಲುವೆ) ಒಳಗೆ ಸುತ್ತಲೂ ಫೆವಿಕಾಲ್ ಹಾಕಿ, ಸಾಗವಾನಿ ಹಲಗೆ ಕೂರಿಸಿ, ಕ್ಲಾಂಪ್ ಬಿಗಿದಿದ್ದೀರಿ. ಕೆಳಗೆ "ಇನ್ನು ಅಲ್ಲಾಡೋದಿಲ್ಲ" ಅಂತ ಬರೆದಿದ್ದೀರಿ. ತೊಂದರೆ ಇರೋದೇ ಅಲ್ಲಿ. ಆ ಹಲಗೆ ಅಲ್ಲಾಡಬೇಕು. ಎರಡನೇ ಬಾಗಿಲು ಇನ್ನೂ ಜೋಡಿಸಿಲ್ಲ ಅಂದಿದ್ದೀರಲ್ಲ, ದಯವಿಟ್ಟು ಅದಕ್ಕೆ ಅಂಟು ಮುಟ್ಟಿಸಬೇಡಿ. ಮೊದಲನೆಯದನ್ನು ಉಳಿಸೋ ದಾರಿ ಕೊನೆಗೆ ಹೇಳ್ತೇನೆ.

ನಾನು ಇದನ್ನೇ ಮಾಡಿದ್ದೆ. 2016ರ ಜುಲೈ. ಬೆಳಗಾವಿಯಲ್ಲಿ ನಮ್ಮ ಮನೆ ಹಿಂದಿನ ಪತ್ರಾಸ್ ಶೆಡ್, ಹೊರಗೆ ಎಂಟು ದಿನದಿಂದ ಬಿಡದ ಮಳೆ. ವಿಜಯಪುರ ಜಿಲ್ಲೆಯ ತಿಕೋಟಾದಲ್ಲಿ ಅಕ್ಕ-ಭಾವನ ಹೊಸ ಮನೆಗೆ ಅಂತ 24 ಬಾಟಲಿಯ ಕಪಾಟು ಮಾಡ್ತಿದ್ದೆ. ಬಾಗಿಲಿಗೆ 12 ಇಂಚು ಅಗಲದ ಒಂದೇ ಹಲಗೆ ಸಿಕ್ಕಿತ್ತು. ಅಂಥ ಹಲಗೆ ಸಿಗೋದು ಕಷ್ಟ, ನಿಮಗೂ ಗೊತ್ತು. ಗ್ರೂವ್ ತುಂಬ ಅಂಟು ಹಾಕಿ ಕೂರಿಸಿದೆ. ದೀಪಾವಳಿಗೆ ಒಯ್ದು ಕೊಟ್ಟೆ, ಎಲ್ಲರೂ ಹೊಗಳಿದರು.

ಮುಂದಿನ ಮಾರ್ಚ್‌ನಲ್ಲಿ ಅಕ್ಕ ಫೋನ್ ಮಾಡಿದಳು. ರಾತ್ರಿ ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತಂತೆ. ಹೋಗಿ ನೋಡಿದರೆ ಹಲಗೆ ಮೇಲಿಂದ ಕೆಳಗಿನ ತನಕ ಸೀಳಿತ್ತು. ಒಂದು ರೂಪಾಯಿ ನಾಣ್ಯ ಆ ಸಂದಿಯಲ್ಲಿ ಸಲೀಸಾಗಿ ಇಳಿಯುತ್ತಿತ್ತು. ಅಂಟು ಮಾತ್ರ ಒಂದು ಕೂದಲೆಳೆಯೂ ಬಿಟ್ಟಿರಲಿಲ್ಲ. ಎರಡೂ ಕಡೆ ಅಂಟು ಗಟ್ಟಿಯಾಗಿ ಹಿಡಿದಿತ್ತು, ಕಟ್ಟಿಗೆ ಕುಗ್ಗಲು ಜಾಗ ಸಿಗದೆ ನಡುವೆ ಹರಿದಿತ್ತು.

ಅದೇ ತಿಂಗಳು ಭಾವನವರ ಶೆಡ್ಡಿನಲ್ಲಿ ಬಲೆಯ ಮೇಲೆ ದ್ರಾಕ್ಷಿ ಹರವಿದ್ದರು. ನಾಲ್ಕು ಕಿಲೋ ಹಣ್ಣು ಎರಡು ವಾರದಲ್ಲಿ ಒಂದು ಕಿಲೋ ಒಣದ್ರಾಕ್ಷಿ ಆಗುತ್ತೆ, ಅದೂ ನೆರಳಲ್ಲೇ. ಆ ಒಣ ಗಾಳಿ ಬೆಳಗಾವಿ ಮಳೆಯಲ್ಲಿ ನೀರು ಕುಡಿದ ಹಲಗೆಯನ್ನು ಬಿಡುತ್ತಾ? ನೀವೂ ಖಾನಾಪುರದ ಕಡೆಯಿಂದ ಕಟ್ಟಿಗೆ ತಂದು, ಮಳೆಗಾಲದಲ್ಲಿ ಕೆಲಸ ಮಾಡಿ, ವಿಜಯಪುರದಲ್ಲಿ ಇಡ್ತೇನೆ ಅಂದಿದ್ದೀರಿ. ನನ್ನದೇ ದಾರಿ ಹಿಡಿದಿದ್ದೀರಿ. ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಲೆಕ್ಕ ನೋಡಿ. ತೇವ 16 ಪರ್ಸೆಂಟ್‌ನಿಂದ 8ಕ್ಕೆ ಇಳಿದರೆ 300 ಮಿ.ಮೀ. ಅಗಲದ ಸಾಗವಾನಿ ಹಲಗೆ ಸುಮಾರು 4 ಮಿ.ಮೀ. ಕುಗ್ಗುತ್ತೆ. ಎಳೆ ನೆಟ್ಟಗಿರೋ ರೇಡಿಯಲ್ ಕಟ್ (ದಿಮ್ಮಿಯ ನಡುವಿನಿಂದ ಹೊರಕ್ಕೆ ಕೊಯ್ದ) ಹಲಗೆ ಆದರೆ ಅದರ ಅರ್ಧ. ಉದ್ದಕ್ಕೆ ಹೆಚ್ಚುಕಡಿಮೆ ಏನೂ ಆಗಲ್ಲ. ಸಾಗವಾನಿಯೇ ಇಷ್ಟು, ಮತ್ತಿ, ಮಾವು ಇನ್ನೂ ಜಾಸ್ತಿ. "ಹತ್ತು ವರ್ಷದ ಹಳೆ ಕಟ್ಟಿಗೆ, ಏನೂ ಆಗಲ್ಲ" ಅಂತ ಕಟ್ಟಿಗೆ ಅಡ್ಡಾದವರು ಹೇಳೋದನ್ನು ನಂಬಿ ಕೂರಬೇಡಿ. ಎಷ್ಟೇ ಹಳೆಯದಾದರೂ ಮಳೆಗಾಲದಲ್ಲಿ ಹಿಗ್ಗುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಒಂದು ತೇವದ ಮೀಟರ್ ಇಟ್ಟುಕೊಳ್ಳಿ. ಪಿನ್ ಚುಚ್ಚೋ ಸಾದಾ ಮೀಟರ್ ಸಾಕು. ಹಲಗೆಯ ತುದಿಗೆ ಚುಚ್ಚಬೇಡಿ, ತುದಿ ಬೇಗ ಒಣಗುತ್ತೆ. ಹೊಸದಾಗಿ ಕೊಯ್ದ ನಡುಭಾಗಕ್ಕೆ ಚುಚ್ಚಿ.

ಈಗ ನಾನು ಮಾಡೋದು ಹೀಗೆ. ಗ್ರೂವ್ 10 ಮಿ.ಮೀ. ಆಳ. ಮಳೆಗಾಲದಲ್ಲಿ ಜೋಡಿಸಿದರೆ ಹಲಗೆ ಆಗಲೇ ಹಿಗ್ಗಿರುತ್ತೆ, ಹಾಗಾಗಿ ಅಗಲದಲ್ಲಿ ಎರಡೂ ಕಡೆ 1 ಮಿ.ಮೀ. ಸಂದಿ ಸಾಕು. ಏಪ್ರಿಲ್‌ನಲ್ಲಿ ಜೋಡಿಸಿದರೆ ಒಂದೊಂದು ಕಡೆಗೆ 3 ಮಿ.ಮೀ. ಬಿಡಿ. ಇದನ್ನು ಉಲ್ಟಾ ಮಾಡಿದರೆ ಮಳೆಗಾಲದಲ್ಲಿ ಹಲಗೆ ಹಿಗ್ಗಿ ಚೌಕಟ್ಟಿನ ಮೂಲೆಯನ್ನೇ ಬಿಚ್ಚುತ್ತೆ. ಮೇಲೆ ಒಂದು, ಕೆಳಗೆ ಒಂದು, ಅಗಲದ ಸರಿಯಾಗಿ ನಡುವೆ ಬಟಾಣಿ ಗಾತ್ರದ ಅಂಟಿನ ಚುಕ್ಕೆ. ಅಷ್ಟೇ. ಆಗ ಹಲಗೆ ಎರಡೂ ಕಡೆ ಸಮನಾಗಿ ಕುಗ್ಗುತ್ತೆ, ಗಡಗಡ ಅನ್ನೋದೂ ಇಲ್ಲ.

ಇನ್ನೊಂದು ಮಾತು, ಇದನ್ನು ಬಹಳ ಜನ ಬಿಡ್ತಾರೆ. ಹಲಗೆಗೆ ಪಾಲಿಶ್ ಮೊದಲೇ ಮಾಡಿ, ಅಂಚಿನ ತನಕ, ಆಮೇಲೆ ಚೌಕಟ್ಟಿಗೆ ಹಾಕಿ. ಜೋಡಿಸಿದ ಮೇಲೆ ಪಾಲಿಶ್ ಹೊಡೆದರೆ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಅಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತೆ. ಪಾಲಿಶ್ ಗ್ರೂವ್ ಒಳಗೆ ಇಳಿದು ಅಂಟಿನ ಹಾಗೇ ಹಿಡಿಯೋದೂ ಉಂಟು. ಅಂಚಿಗೆ ಸ್ವಲ್ಪ ಮೇಣ ತಿಕ್ಕಿ ಕೂರಿಸಿ.

ಚೌಕಟ್ಟಿನ ಮೂಲೆಗಳಿಗೆ ಮಾತ್ರ ಧಾರಾಳವಾಗಿ ಅಂಟು ಹಾಕಿ. ಸಾಗವಾನಿಯಲ್ಲಿ ಎಣ್ಣೆ ಇರುತ್ತೆ, ರಂದಾ (ಉಜ್ಜುಗೊರಡು) ಹೊಡೆದ ದಿನವೇ ಅಂಟಿಸಬೇಕು. ವಾರ ಬಿಟ್ಟಿದ್ದರೆ ಅಸಿಟೋನ್‌ನಲ್ಲಿ ಒರೆಸಿ. ನನ್ನ ಕೆಲಸಕ್ಕೆ ಸಾದಾ ಫೆವಿಕಾಲ್ ಎಸ್‌ಎಚ್ ಸಾಕು. ಬೆಳಗಾವಿ, ಖಾನಾಪುರದಲ್ಲೇ ಇಡೋದಾದರೆ ನೀರು ತಡೆಯೋ ಫೆವಿಕಾಲ್ ಮರೀನ್ ತಗೊಳ್ಳಿ. ಹೆಸರಿಲ್ಲದ ಡಬ್ಬಿ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ, ನಾನು ತಂದು ಎರಡು ಬಾರಿ ಬಿಚ್ಚಿ ಮಾಡಿದ್ದೇನೆ.

ಮೇಲಿನ ಹಲಗೆಗೂ ಇದೇ ಮಾತು. ಕಪಾಟಿಗೆ ಸ್ಕ್ರೂ ಹೊಡೆಯೋವಾಗ ಮುಂದಿನ ಸಾಲಿನ ತೂತು ಗುಂಡಗಿರಲಿ, ಹಿಂದಿನದು ಹಿಂದೆ-ಮುಂದೆ ಸರಿಯೋ ಹಾಗೆ ಉದ್ದಕ್ಕೆ ಇರಲಿ. ಹಿಂಬದಿಗೆ 6 ಮಿ.ಮೀ. ಪ್ಲೈವುಡ್ ಹಾಕಿದ್ದೀರಿ, ಅದು ಕುಗ್ಗಲ್ಲ, ಅಲ್ಲಿ ಅಂಟು ನಡೆಯುತ್ತೆ. ಬಿಜಾಗ್ರಿ (ಬಾಗಿಲಿನ ಕೀಲು) ಹಿತ್ತಾಳೆಯದೇ ಹಾಕಿ. ಮೊದಲು ಕಬ್ಬಿಣದ ಸ್ಕ್ರೂ ಒಮ್ಮೆ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆ ಸ್ಕ್ರೂ. ಇಲ್ಲದಿದ್ದರೆ ಸಾಗವಾನಿಯಲ್ಲಿ ಅದರ ತಲೆ ಮುರಿಯುತ್ತೆ.

ಬಾಟಲಿ ಸಾಲಿನ ಫೋಟೋದಲ್ಲಿ ಒಂದೊಂದಕ್ಕೆ 80 ಮಿ.ಮೀ. ಬಿಟ್ಟಿದ್ದೀರಿ. ನೇರ ಹೆಗಲಿನ ಬಾಟಲಿ 75–76 ಮಿ.ಮೀ., ಅದು ಕೂರುತ್ತೆ. ಇಳಿಜಾರು ಹೆಗಲಿನದ್ದು, ನೊರೆ ವೈನ್‌ನದ್ದು ಕೂರಲ್ಲ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 100 ಮಿ.ಮೀ. ಇಡಿ. ಸುಲಭದ ದಾರಿ: ಅಗಲದ ಪಟ್ಟಿಯ ನಡುಗೆರೆಯಲ್ಲಿ ಸಾಲಾಗಿ ತೂತು ಕೊರೆದು, ಆಮೇಲೆ ಪಟ್ಟಿಯನ್ನು ಉದ್ದಕ್ಕೆ ಸೀಳಿ. ಒಂದೇ ಅಳತೆಯ ಎರಡು ಅರ್ಧಚಂದ್ರದ ಪಟ್ಟಿ ಸಿಗುತ್ತೆ. ತುಂಬಿದ ಬಾಟಲಿ ಒಂದು 1.2–1.3 ಕಿಲೋ, 24 ಆದರೆ 30 ಕಿಲೋ. ಪಟ್ಟಿಯನ್ನು ಬರೀ ಮೊಳೆಯ ಮೇಲೆ ನಿಲ್ಲಿಸಬೇಡಿ. ಕಾರ್ಕ್ ಇರೋ ಬಾಟಲಿ ಮಲಗಿಸಿಡಬೇಕು, ಕಾರ್ಕ್ ಒಣಗಿದರೆ ಗಾಳಿ ಒಳಗೆ ಹೋಗುತ್ತೆ. ತಿರುಪು ಮುಚ್ಚಳದ್ದು ನಿಂತರೂ ನಡೆಯುತ್ತೆ.

ಪಾಲಿಶ್ ಬಗ್ಗೆ ಕೇಳಿದ್ದಿರಿ. ಮೇಲಿನ ಹಲಗೆಗೆ ಅರಗಿನ ಫ್ರೆಂಚ್ ಪಾಲಿಶ್ ಬೇಡವೇ ಬೇಡ. ಅರಗು ಮದ್ಯದಲ್ಲಿ ಕರಗುತ್ತೆ. ವೈನ್ ಚೆಲ್ಲಿ ರಾತ್ರಿಯೆಲ್ಲ ಹಾಗೇ ಬಿಟ್ಟರೆ ಕಲೆ ಬೀಳುತ್ತೆ. ಅಲ್ಲಿಗೆ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯಿರಿ, ನಾನು ಏಷ್ಯನ್ ಪೇಂಟ್ಸ್ ವುಡ್‌ಟೆಕ್ ಬಳಸ್ತೇನೆ. ಒಳಗೆ ಅರಗು ತೆಳುವಾಗಿ ಒಂದು ಕೈ, ಇಲ್ಲವೇ ಏನೂ ಬೇಡ. ಮೆಲಮೈನ್ ಪಾಲಿಶ್ ಒಳಗೆ ಹೊಡೆದರೆ ತಿಂಗಳಾದರೂ ವಾಸನೆ ಹೋಗಲ್ಲ. ಡಾಂಬರ್ ಗುಳಿಗೆಯನ್ನಂತೂ ಇಂಥ ಕಪಾಟಿನ ಹತ್ತಿರವೂ ತರಬೇಡಿ. ಮೇಲಿನ ಕಾಮೆಂಟ್‌ನಲ್ಲಿ ಯಾರೋ ಆ ಸಲಹೆ ಕೊಟ್ಟಿದ್ದಾರೆ. ಗೊತ್ತಿಲ್ಲದೆ ಹೀಗೆಲ್ಲ ಹೇಳಬಾರದು, ಕೇಳಿದವರ ದುಡ್ಡು ಹಾಳಾಗುತ್ತೆ.

ಕಪಾಟು ಎಷ್ಟೇ ಚೆನ್ನಾಗಿದ್ದರೂ ತಂಪು ಮಾಡಲ್ಲ. ವೈನ್‌ಗೆ ಬೇಕಿರೋದು 12–14 ಡಿಗ್ರಿ, ವಿಜಯಪುರದ ಬೇಸಿಗೆ 40 ದಾಟುತ್ತೆ. ಪಡುವಣ ಗೋಡೆ, ಫ್ರಿಜ್ ಪಕ್ಕ ಬೇಡ. ಒಳಕೋಣೆಯಲ್ಲಿ, ಗೋಡೆಯಿಂದ ಎರಡು ಇಂಚು ಬಿಟ್ಟು ಇಡಿ. ಎರಡು-ಮೂರು ತಿಂಗಳಲ್ಲಿ ಕುಡಿಯೋದನ್ನು ಮಾತ್ರ ಇದರಲ್ಲಿಡಿ. ವರ್ಷಗಟ್ಟಲೆ ಇಡೋದಿದ್ದರೆ ವೈನ್ ಚಿಲ್ಲರ್ (ತಂಪು ಪೆಟ್ಟಿಗೆ) ಬೇಕೇ ಬೇಕು.

ಈಗ ಅಂಟಿಸಿದ ಬಾಗಿಲು. ಅಂಟು ಇನ್ನೂ ಹಸಿ ಇದ್ದರೆ ಈಗಲೇ ಕ್ಲಾಂಪ್ ಬಿಚ್ಚಿ, ಹಲಗೆ ತೆಗೆದು, ಒದ್ದೆ ಬಟ್ಟೆಯಲ್ಲಿ ಗ್ರೂವ್ ಒರೆಸಿ. ಒಣಗಿದ್ದರೆ ಬಾಗಿಲು ಬೋರಲು ಹಾಕಿ, ಗ್ರೂವ್‌ನ ಹಿಂದಿನ ತುಟಿಯನ್ನು ಕಟ್ಟಿಗೆ ಕೊರೆಯೋ ರೌಟರ್ ಯಂತ್ರದಿಂದ ಪೂರ್ತಿ ತೆಗೆಯಿರಿ. ಮೂಲೆಗಳಲ್ಲಿ ಉಳಿ ಬಳಸಿ. ಮುಂದಿನ ತುಟಿಗೆ ಹಿಡಿದ ಅಂಟನ್ನು ತೆಳು ಬ್ಲೇಡಿನಿಂದ ನಿಧಾನಕ್ಕೆ ಬಿಡಿಸಿ. ಹೇರ್ ಡ್ರೈಯರ್ ಬಿಸಿ ತಾಗಿಸಿದರೆ ಫೆವಿಕಾಲ್ ಮೆತ್ತಗಾಗುತ್ತೆ. ಹಲಗೆಯ ಅಂಚನ್ನು ರಂದಾದಿಂದ ಸ್ವಲ್ಪ ಇಳಿಸಿ, ಮತ್ತೆ ಇಟ್ಟು, ಹಿಂದಿನಿಂದ ಬೀಡಿಂಗ್ (ತೆಳು ಕಟ್ಟಿಗೆ ಪಟ್ಟಿ) ಹೊಡೆಯಿರಿ. ಬೀಡಿಂಗ್ ಮೊಳೆ ಚೌಕಟ್ಟಿಗೆ ಹೋಗಬೇಕು, ಹಲಗೆಗೆ ಹೋಗಬಾರದು. ಶುರು ಮಾಡೋ ಮೊದಲು ಬಾಗಿಲಿನ ಹಿಂಬದಿಯ ಫೋಟೋ ಇಲ್ಲಿ ಹಾಕಿ, ಎಷ್ಟು ಆಳ ಇಳಿಯಬೇಕು ಅಂತ ನೋಡಿ ಹೇಳ್ತೇನೆ.